ಗೋಡೆ ದಾಟಿದರ ಔಟ್

ಹಟ್ಟಿಯೊಳಗ ಒಂದು ಚೆಂಡಿಗೆ ಎರಡು ಜನ್ಮ.
ಮೊದಲನೇದು ಆಫೀಸರ್ ಕ್ಲಬ್ಬಿನ್ಯಾಗ,
ಹಳದಿ ತುಪ್ಪಳ, ಡಬ್ಬಿ ತೆರೆದರ ಹೊಸ ರಬ್ಬರಿನ ವಾಸನಿ,
ಬಿಳೇ ಬೂಟು, ಬಿಳೇ ಚಡ್ಡಿ,
ಎರಡು ದಿನಕ್ಕೊಮ್ಮೆ ನಮ್ಮಪ್ಪ ಎಳೆಯೋ ಸುಣ್ಣದ ಗೆರಿ.
ಎರಡನೇದು ಗೋಡೆಯ ಈಚೆ, ಲೇಬರ್ ಲೈನಿನ್ಯಾಗ,
ತುಪ್ಪಳ ಉದುರಿ ಬೋಳಾಗಿ
ಗಣಿಯ ಬೂದಿಗುಡ್ಡದ ಬಣ್ಣಕ್ಕ ತಿರುಗಿ
ಮುರಿದ ಟಿಂಬರಿನ ಬ್ಯಾಟಿಗೆ ಬಡಿಸಿಕೊಳ್ಳೋದು.

ಆ ಕಡೆ ಟೆನಿಸ್ ಅಂತಾರ,
ಈ ಕಡೆನೂ ಟೆನಿಸ್ ಬಾಲ್ ಅಂತೀವಿ.
ಹೆಸರೊಂದ ಗೋಡೆ ಹಾರಿ ಬಂದದ್ದು,
ಆಟ ಬರಲಿಲ್ಲ.

ಅಲ್ಲಿ ಸದ್ದು ಮಾಡಬಾರದು.
ಇಲ್ಲಿ ಸದ್ದು ಮಾಡದಿದ್ದರ ಅಂಪೈರಗ ಕೇಳಸೋದಿಲ್ಲ,
ಖಾಜಾಸಾಬ್ ಕಾಕಾನ ಕಿವಿ
ಮೂವತ್ತು ವರ್ಷದ ಡ್ರಿಲ್ಲಿಂಗ್ ತಿಂದಿತ್ತು.
ಅಲ್ಲಿ ಸೊನ್ನಿಗೆ ಲವ್ ಅಂತಾರಂತ.
ಅಪ್ಪ ಮನಿಗೆ ಬಂದು ಹೇಳಿದಾಗ ಅವ್ವ
ರೊಟ್ಟಿ ಬಡಿಯೋದು ನಿಲ್ಲಿಸಿ ನಕ್ಕಿದ್ದಳು,
"ಹಂಗಾರ ನಿಮ್ಮ ಪಗಾರ ಪೂರಾ ಲವ್ವೇ ಬಿಡ್ರಿ."

ಎರಡೂ ಕಡೆ ಕೂಡತಿದ್ದ ಕಾನೂನು ಒಂದೇ,
ಗೋಡೆ ದಾಟಿದರ ಔಟ್.
ಅವರ ಚೆಂಡು ಈಚೆ ಬಿದ್ದರ ಅವರಿಗೆ ಪಾಯಿಂಟ್ ಹೋತು.
ನಮ್ಮದು ಆಚೆ ಬಿದ್ದರ ಚೆಂಡೇ ಹೋತು.
ಹಾರಿಸಿದವನು ಗೇಟಿನ ಮುಂದ
ವಾಚ್‌ಮನ್‌ಗ ಕೈಮುಗಿದು ನಿಂದ್ರಬೇಕು,
ಅದೂ ಕಾನೂನು.

ಸಂಜಿ ನಾಕಕ್ಕ ನೆಲದ ತಳಗ ಬ್ಲಾಸ್ಟಿಂಗ್.
ಎರಡು ಸಾವಿರ ಅಡಿ ಕೆಳಗ ಬಂಡಿ ಒಡದರ
ಕ್ಲಬ್ಬಿನ ಚಾದ ಕಪ್ಪು ನಡಗತಿತ್ತು,
ನಮ್ಮ ಕಲ್ಲಿನ ವಿಕೆಟ್ಟಿನ್ಯಾಗ ಮ್ಯಾಲಿನ ಕಲ್ಲು ಉರುಳತಿತ್ತು.
"ನಾಟ್ ಔಟ್, ಇದು ಗಣಿ ಹೊಡದದ್ದು"
ಅಂತ ಕಾಕಾ ಕೈ ಬೀಸತಿದ್ದ.

ಆ ವರ್ಷ ಶ್ರಾವಣದ ಒಂದು ಸಂಜಿ
ಸರ್ವೇ ಸಾಹೇಬರ ಜೋಡಿ ಬರಲಿಲ್ಲ.
"ಯಂಕೋಬಾ, ಬಾ, ಸುಮ್ಮನ ಆ ಕಡೆ ನಿಂದ್ರು."
ಚಪ್ಪಲಿ ಹಾಕ್ಕೊಂಡು ಕೋರ್ಟ್ ತುಳಿಯೋ ಹಂಗಿಲ್ಲ.
ಬರಿಗಾಲಿಗೆ ಯಾವ ಕಾನೂನೂ ಬರೆದಿರಲಿಲ್ಲ.
ಗೋಡೆಗೆ ತೂತು ಒಂದೇ, ನಾವು ಐದಾರು ಮಂದಿ,
ಪಾಳಿ ಮ್ಯಾಲೆ ಕಣ್ಣು.
ನನ್ನ ಪಾಳಿ ಬಂದಾಗ ಅಪ್ಪ
ತಾನೇ ಎಳೆದ ಗೆರಿಯ ಹತ್ತರ ನಿಂತಿದ್ದ,
ತುಳಿಯದಂಗ, ಒಂದು ಬೆರಳು ಹಿಂದ.

ಹದಿನಾಲ್ಕು ವರ್ಷ ಹೆಕ್ಕಿದವಗ
ಚೆಂಡು ಎಲ್ಲಿ ಬೀಳತದ ಅನ್ನೋದು
ಚೆಂಡಿಗಿಂತ ಮೊದಲ ಗೊತ್ತಿರತದ.
ಒಂದು, ಎರಡು, ಏಳು ಸಲ ವಾಪಸ್ ಕೊಟ್ಟ.
ಹೊಡೀಲಿಲ್ಲ,
ಸಾಮಾನು ಕೈಗೆ ಕೊಡೋರಂಗ ಕೊಟ್ಟ.
ಸಾಹೇಬರ ಅಂಗಿ ತೊಯ್ದು ನಗು ಸಣ್ಣದಾತು.
ಬಾಕಿನ ಮ್ಯಾಲೆ ಕುಂತವರು ಚಾ ಮರತರು.
ಎಂಟನೇದಕ್ಕ ತೂತಿನ ಮುಂದ ಲಾಡ್ಲೇಸಾನ ಪಾಳಿ,
ನಾನು ನೋಡಲಿಲ್ಲ.
ತಲಿ ಮ್ಯಾಲಿಂದ ಏನೋ ಹಳದಿ ಹಾದು ಹೋತು.

ಆಚೆ ಅಪ್ಪನ ದನಿ, "ತಪ್ಪಾತ್ರಿ ಸರ, ಕೈ ಜಾರಿತು."
"ಔಟ್, ಯಂಕೋಬಾ, ಔಟ್!"
ನಗು ಮತ್ತ ದೊಡ್ಡದಾಗಿತ್ತು.

ಅಂಥಾ ಚೆಂಡು ನಾವು ಹಿಡಿದೇ ಇರಲಿಲ್ಲ.
ಲಾಡ್ಲೇಸಾ ಅದನ್ನ ಕೋಳಿಮರಿಯಂಗ ಗಲ್ಲಕ್ಕ ಒತ್ತಿಕೊಂಡ.
ಮರುದಿನ ಆಡಿದರ ಎದಿಮಟ ಪುಟಿದು
ನಾವೆಲ್ಲಾ ಹನ್ನೊಂದು ರನ್ನಿಗೆ ಔಟ್.
"ಮೊದಲು ಇದಕ್ಕ ನಮ್ಮ ನೆಲ ಕಲಿಸ್ರಿ" ಅಂದ ಕಾಕಾ.
ಬಂಡಿಗೆ ತಿಕ್ಕಿ ತಿಕ್ಕಿ ತುಪ್ಪಳ ತೆಗೆದ್ವಿ.

ಜಾರಿತೋ ಜಾರಿಸಿದನೋ, ನಾನು ಕೇಳಲಿಲ್ಲ.
ರಾತ್ರಿ ಉಣ್ಣುವಾಗ ಅವನ ಉಗುರಿನ್ಯಾಗ ಇನ್ನೂ ಸುಣ್ಣ.
ಕ್ಲಬ್ ಕೆಡವಿದ ವರ್ಷ ರದ್ದಿಯೊಳಗ ರಜಿಸ್ಟರ್ ಸಿಕ್ಕಿತು.
ಆ ದಿನದ ಸಾಲು, ಅಪ್ಪನ ಡೊಂಕು ಅಕ್ಷರದಾಗ,
"ಹೊಸ ಚೆಂಡು ಐದು. ಹಳೇದು, ಬೋಳಾದದ್ದು ಒಂದು,
ಒಗೆಯಲಾಗಿದೆ."